ಶಾಲೆಯಲ್ಲಿ ಸಿಕ್ಕ ಸಲಿಕೆ

1953ರ ಮಾತು. ಇಂಗ್ಲೆಂಡಿನ ಚೆಷೈರ್ ಸೀಮೆಯ ಆಲ್ಡರ್ಲಿ ಎಡ್ಜ್ ಎಂಬ ಊರಿನ ಆಲನ್ ಗಾರ್ನರ್‌ಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಊರಿನ ಗುಡ್ಡದ ತಾಮ್ರದ ಗಣಿಗಳ ಬಗ್ಗೆ ಹಳೆಯ ಬರಹಗಳನ್ನು ಓದುತ್ತಿದ್ದಾಗ ಓಕ್ ಮರದ ಒಂದು ಸಲಿಕೆಯ ವಿಷಯ ಕಣ್ಣಿಗೆ ಬಿತ್ತು. ಇದನ್ನು ಎಲ್ಲೋ ನೋಡಿದ್ದೇನಲ್ಲ! ನೆನಪಾಯಿತು: ತಾನು ಅಕ್ಷರ ಕಲಿತ ಪ್ರಾಥಮಿಕ ಶಾಲೆಯಲ್ಲಿ. ಹೋಗಿ ಹುಡುಕಿದ. ಇತ್ತು.

ಸಲಿಕೆ ಮೊದಲು ಬೆಳಕಿಗೆ ಬಂದದ್ದು 1875ರಲ್ಲಿ. ಆಗ ಆ ಗುಡ್ಡದಲ್ಲಿ ಅಗೆತ ಜೋರಾಗಿತ್ತು. ಗಣಿ ಕೆಲಸಗಾರರು ಬ್ರಿನ್ಲೋ ಎಂಬಲ್ಲಿ ಯಾರೋ ಎಂದೋ ತೋಡಿ ಬಿಟ್ಟಿದ್ದ ಗುಂಡಿಗಳಿಗೆ ಕೈಯಿಟ್ಟರು. ಒಳಗಿಂದ ಕಲ್ಲಿನ ಸುತ್ತಿಗೆಗಳು ಬಂದವು. ಒಂದೊಂದರ ನಡುವಿಗೂ ಸುತ್ತ ಕೊರೆದ ಕಚ್ಚು. ಅದರಲ್ಲಿ ಹಸಿ ಬರಲನ್ನು ಸುತ್ತಿ ಹಿಡಿ ಕಟ್ಟುತ್ತಿದ್ದರು. ವಿಲಿಯಂ ಬಾಯ್ಡ್ ಡಾಕಿನ್ಸ್ ಎಂಬ ಭೂವಿಜ್ಞಾನಿ ಅವುಗಳ ಬಗ್ಗೆ ಬರೆದರು. ಅವುಗಳ ಜೊತೆ ಸಲಿಕೆಯೂ ಸಿಕ್ಕಿತ್ತು. ಜೆ. ಡಿ. ಸೇಂಟರ್ ಎಂಬವರು 1878ರ ತಮ್ಮ ಪುಸ್ತಕದಲ್ಲಿ ಅದನ್ನು ದಾಖಲಿಸಿದರು. ಆಮೇಲೆ ವಿದ್ವಾಂಸರು ಕಲ್ಲನ್ನು ನೆನಪಿಟ್ಟುಕೊಂಡರು, ಮರವನ್ನು ಮರೆತರು.

ಮರೆತದ್ದಕ್ಕೆ ಕಾರಣ ಇಲ್ಲದಿಲ್ಲ. ಕಲ್ಲು ಸಾವಿರಾರು ವರ್ಷ ಉಳಿಯುತ್ತದೆ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಮರ? ಹೊಲದ ಬೇಲಿಗೂಟವೇ ನಾಲ್ಕು ಮಳೆಗಾಲ ಕಾಣುವುದಿಲ್ಲ. ಆದರೆ ಗಾಳಿಯಾಡದ ಒದ್ದೆ ಮಣ್ಣಿನಲ್ಲಿ ಹೂತ ಮರದ ಕತೆ ಬೇರೆ. ತಾಮ್ರದ ಲವಣವೂ ಶಿಲೀಂಧ್ರಕ್ಕೆ ವಿಷ. ಕೊಳೆರೋಗ ಬಾರದಿರಲೆಂದು ಅಡಿಕೆ ಗೊನೆಗೆ ಮೈಲುತುತ್ತದ ದ್ರಾವಣ ಹೊಡೆಸುವ ನಮ್ಮ ಮಲೆನಾಡಿನ ತೋಟಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಷ್ಟಕ್ಕೂ ಆ ಗುಡ್ಡದಲ್ಲಿ ತಾಮ್ರ ಇರುವ ಬಗೆಯೇ ವಿಚಿತ್ರ. ಸುಮಾರು 24 ಕೋಟಿ ವರ್ಷಗಳ ಹಿಂದೆ ಅದು ಮರುಭೂಮಿ. ನದಿಯೂ ಗಾಳಿಯೂ ತಂದು ಸುರಿದ ಮರಳು ಗಟ್ಟಿಯಾಗಿ ಮರಳುಗಲ್ಲಾಯಿತು. ಎಷ್ಟೋ ಕಾಲದ ಮೇಲೆ, ಆಳದಲ್ಲಿದ್ದ ಉಪ್ಪುನೀರು ತಾಮ್ರ, ಸೀಸ, ಕೋಬಾಲ್ಟ್‌ಗಳನ್ನು ಕರಗಿಸಿಕೊಂಡು, ಬಂಡೆ ಬಿರಿದು ಜರುಗಿದ ಗೆರೆಗಳ ಗುಂಟ ಮೇಲೇರಿತು. ಜೇಡಿಯ ಪದರ ಅಡ್ಡ ಬಂದಲ್ಲಿ ದಾರಿ ಕಟ್ಟಿ, ಹೊತ್ತು ತಂದದ್ದನ್ನು ಮರಳಿನ ಸಂದಿಗಳಲ್ಲೇ ಇಳಿಸಿತು. ಹಾಗಾಗಿ ಇಲ್ಲಿನ ಅದಿರೆಂದರೆ ಹಸಿರು ಮ್ಯಾಲಕೈಟ್, ನೀಲಿ ಅಜುರೈಟ್ ಮೆತ್ತಿಕೊಂಡ ಮರಳೇ. ಇದೇ ಮರಳುಗಲ್ಲಿನ ತಾಮ್ರದ ಪದರಗಳಲ್ಲಿ ವನೇಡಿಯಂ ಇರುವುದನ್ನು ಹೆನ್ರಿ ರಾಸ್ಕೊ ಗುರುತಿಸಿದ್ದು 1865ರಲ್ಲಿ. ಆ ಲೋಹದ ರಸಾಯನಶಾಸ್ತ್ರವನ್ನು ನೇರ್ಪಡಿಸಿದವನೂ ಅವನೇ. ಅದು ಇನ್ನೊಂದು ಕತೆ.

ಹಸಿರು ಕಂಡಲ್ಲಿ ಕಲ್ಲಿನಿಂದ ಜಜ್ಜು, ಉದುರಿದ್ದನ್ನು ಬಾಚು: ಹಳಬರ ಗಣಿಗಾರಿಕೆ ಇಷ್ಟೇ. 1857ರಿಂದ 1877ರವರೆಗೆ ಅಗೆದ ಕಂಪನಿಗೆ ಇಷ್ಟು ಬಡ ಅದಿರನ್ನು ಕುಲುಮೆಗೆ ಹಾಕಿದರೆ ಗಿಟ್ಟುತ್ತಿರಲಿಲ್ಲ. ಅದನ್ನು ತೊಟ್ಟಿಗೆ ಸುರಿದು ಹೈಡ್ರೋಕ್ಲೋರಿಕ್ ಆಮ್ಲ ಬಿಡುತ್ತಿದ್ದರು. ತಾಮ್ರ ಕರಗಿದ ಆ ನೀರಿಗೆ ಗುಜರಿ ಕಬ್ಬಿಣ ಹಾಕಿದರೆ ಕಬ್ಬಿಣ ಕರಗುತ್ತದೆ, ತಾಮ್ರ ಕೆಂಪು ಕೆಸರಾಗಿ ಕೆಳಗೆ ಕೂರುತ್ತದೆ. ಉಳಿದ ಮರಳು ರಾಶಿ ರಾಶಿಯಾಗಿ ಹೊರಗೆ ಬಿತ್ತು. ಅಗೆಯುವ ಆ ಭರಾಟೆಯಲ್ಲಿ ಹಳಬರ ಗುಂಡಿಗಳು ಎಷ್ಟು ಅಳಿದವೋ. ಆ ಸಲಿಕೆಯನ್ನು ಎತ್ತಿಟ್ಟ ಕೂಲಿಯವನಿಗೆ ಒಂದು ನಮಸ್ಕಾರ ಸಲ್ಲಬೇಕು.

ಗಾರ್ನರ್ ಸಲಿಕೆಯನ್ನು ವಸ್ತುಸಂಗ್ರಹಾಲಯದವರಿಗೆ ತೋರಿಸಿದ. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ವಿಕ್ಟೋರಿಯಾ ಕಾಲದ್ದಿರಬೇಕು ಎಂಬ ಮಾತೂ ಬಂತು. ಆತ ಎಸೆಯಲಿಲ್ಲ, ಮನೆಯಲ್ಲೇ ಇಟ್ಟುಕೊಂಡ. ಮುಂದೆ ಕಾದಂಬರಿಕಾರನಾದ. 1960ರಲ್ಲಿ ಬಂದ ಅವನ ಮೊದಲ ಪುಸ್ತಕದಲ್ಲಿ ಇದೇ ಗುಡ್ಡ, ಇದರೊಳಗೆ ಮಲಗಿರುವ ವೀರರು, ಅವರನ್ನು ಕಾಯುವ ಮಾಂತ್ರಿಕ. ಗುಡ್ಡದ ಹೊಟ್ಟೆ ಟೊಳ್ಳು ಎನ್ನುವ ಆ ಐತಿಹ್ಯ ಊರಿನ ಅಜ್ಜಂದಿರ ಬಾಯಲ್ಲಿ ಮೊದಲೇ ಇತ್ತು. ಟೊಳ್ಳಾಗಿರುವುದಂತೂ ನಿಜವೇ.

ಸುಮಾರು ನಾಲ್ಕು ದಶಕ ಕಳೆದ ಮೇಲೆ, 1990ರ ದಶಕದ ಆರಂಭದಲ್ಲಿ, ಗಾರ್ನರ್ ಸಲಿಕೆಯನ್ನು ಮ್ಯಾಂಚೆಸ್ಟರ್ ಮ್ಯೂಸಿಯಂನ ಜಾನ್ ಪ್ರ್ಯಾಗ್ ಅವರ ಕೈಗಿತ್ತ. ಈ ಸಲ ಕೇಳುವವರು ಕೇಳಿದರು. ರೇಡಿಯೋಕಾರ್ಬನ್ ಪರೀಕ್ಷೆ 1993ರಲ್ಲಿ ಉತ್ತರ ಕೊಟ್ಟಿತು: ಕ್ರಿ.ಪೂ. 1888ರಿಂದ 1677ರ ನಡುವಿನದು. ಮಕ್ಕಳು ಓಡಾಡುವ ಶಾಲೆಯಲ್ಲಿ ಇದ್ದದ್ದು ಕಂಚಿನ ಯುಗದ ಗಣಿಗಾರನ ಸಲಿಕೆ.

ಅಲ್ಲಿಂದ ಗುಡ್ಡವನ್ನು ನೋಡುವ ಕಣ್ಣೇ ಬದಲಾಯಿತು. ಹಳೆಯ ಸುರಂಗಗಳನ್ನು ತೆರೆದು ಕಾಪಾಡಿಕೊಂಡು ಬಂದಿದ್ದ ಡರ್ಬಿಷೈರ್ ಕೇವಿಂಗ್ ಕ್ಲಬ್ಬಿನವರು 1995ರಲ್ಲಿ ಎಂಜಿನ್ ವೇನ್ ಎಂಬ ಗಣಿಯ ಬಳಿ ಮುಚ್ಚಿಹೋಗಿದ್ದ ಬಾವಿಯೊಂದರಲ್ಲಿ ಮಡಕೆ ಕಂಡರು. ಅದರಲ್ಲಿ 564 ರೋಮನ್ ನಾಣ್ಯಗಳು, ಕ್ರಿ.ಶ. ನಾಲ್ಕನೆಯ ಶತಮಾನದವು. ನಾಣ್ಯ ಬಚ್ಚಿಟ್ಟವನ ಕಾಲಕ್ಕಾಗಲೇ ಸಲಿಕೆ ಮಣ್ಣಿನಡಿ ಎರಡು ಸಾವಿರ ವರ್ಷ ಕಳೆದಿತ್ತು.