ಯೆಜ್ಡಿ ಟ್ಯಾಂಕಿನೊಳಗಿನ ಮಳೆಗಾಲ

ಊರಿನ ಮನೆಯಲ್ಲಿ ಅಪ್ಪನದ್ದೋ ದೊಡ್ಡಪ್ಪನದ್ದೋ ಹಳೇ ಯೆಜ್ಡಿ ಟಾರ್ಪಾಲು ಹೊದ್ದು ನಿಂತಿದೆಯಾ? ರಜೆಗೆ ಹೋದಾಗ ಸ್ಟಾರ್ಟ್ ಮಾಡಿಬಿಡೋಣ ಅನ್ನುವ ಆಸೆಯಿದ್ದರೆ, ಕಿಕ್ಕರ್ ತುಳಿಯುವ ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ. (ಕತ್ತಲೆ ಅಂತ ಬೆಂಕಿಕಡ್ಡಿ ಗೀರಬೇಡಿ ಮಾರಾಯ್ರೇ!) ಗಾಡಿ ಭಟ್ಕಳ, ಹೊನ್ನಾವರ, ಕುಮಟಾ ಕಡೆಯದ್ದಾದರೆ ಒಳಗೆ ಕೆಂಪು ತುಕ್ಕು ಕಾಣುವ ಸಾಧ್ಯತೆಯೇ ಹೆಚ್ಚು.

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿ ತಯಾರಿಸಲು ಶುರು ಮಾಡಿತು. 1973ರಲ್ಲಿ ಯೆಜ್ಡಿ ಅನ್ನುವ ಹೆಸರು ಬಂತು, 1996ರಲ್ಲಿ ಬಾಗಿಲು ಮುಚ್ಚಿತು. ಅಂದರೆ ಮೈಸೂರಿನ ಕೊನೇ ಯೆಜ್ಡಿಗೂ ಈಗ ಹೆಚ್ಚುಕಡಿಮೆ ಮೂವತ್ತು ವರ್ಷ. 2022ರಲ್ಲಿ ಬಂದ ಹೊಸ ಯೆಜ್ಡಿಗೆ ಹೆಸರು ಅದೇ ಆದರೂ ಗಾಡಿ ಬೇರೆ, ಅದರ ಟ್ಯಾಂಕ್ ಇದಕ್ಕೆ ಕೂರೋದಿಲ್ಲ. ಇರುವುದನ್ನೇ ಉಳಿಸಿಕೊಳ್ಳಬೇಕು.

ಉಪ್ಪುಗಾಳಿ ಹೊರಗಿನ ಕ್ರೋಮ್ ತಿನ್ನೋದು ಎಲ್ಲರ ಕಣ್ಣಿಗೂ ಬೀಳುತ್ತದೆ. ಒಳಗಿನ ಕಥೆ ಬೇರೆ. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಗೊಂದು ಸಣ್ಣ ದಾರಿ ಇರುತ್ತದೆ. ಹಗಲು ಬಿಸಿಯಾದಾಗ ಗಾಳಿ ಹೊರಗೆ ಹೋಗುತ್ತದೆ, ರಾತ್ರಿ ತಣ್ಣಗಾದಾಗ ತೇವದ ಗಾಳಿ ಒಳಗೆ ಬಂದು ನೀರಾಗುತ್ತದೆ. ನೀರು ಪೆಟ್ರೋಲಿಗಿಂತ ಭಾರ, ಹಾಗಾಗಿ ತಳದ ಮೂಲೆಗೆ ಇಳಿದು ಅಲ್ಲೇ ಕೂರುತ್ತದೆ. ಟ್ಯಾಂಕ್ ಸಾಮಾನ್ಯವಾಗಿ ತಳದಲ್ಲೇ ತೂತಾಗೋದು ಇದಕ್ಕೇ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ, ಅರ್ಧ ಖಾಲಿ ಟ್ಯಾಂಕಿನ ಗಾಡಿಯನ್ನು ನಾಲ್ಕು ತಿಂಗಳು ಹಾಗೇ ನಿಲ್ಲಿಸಿದರೆ ಇನ್ನೇನಾಗುತ್ತೆ ಹೇಳಿ?

ಈಗ ಇದಕ್ಕೆ ಇ20 ಪೆಟ್ರೋಲೂ ಸೇರಿದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ ಈ ಪೆಟ್ರೋಲಿನಲ್ಲಿ 20% ಎಥನಾಲ್. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನೀರು ಮಿತಿಮೀರಿದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕಿಳಿಯುತ್ತವೆ. ಯೆಜ್ಡಿ ರೂಪುಗೊಂಡ ಕಾಲದಲ್ಲಿ ಇದರ ಯೋಚನೆ ಯಾರಿಗಿತ್ತು?

ಕೆಲಸ ಶುರು ಮಾಡುವಾಗ ಹಳೇ ಪೆಟ್ರೋಲನ್ನು ಅಂಗಳಕ್ಕೆ ಚೆಲ್ಲಬೇಡಿ, ನಮ್ಮಲ್ಲಿ ಅಂಗಳದಲ್ಲೇ ಬಾವಿ. ಕ್ಯಾನಿಗೆ ತುಂಬಿಸಿ ಗ್ಯಾರೇಜಿಗೆ ಕೊಡಿ. ಟ್ಯಾಂಕನ್ನು ಸೋಪಿನ ನೀರಲ್ಲಿ ಎರಡು ಮೂರು ಸಲ ತೊಳೆದು, ಒಂದು ಹಿಡಿ ಸಣ್ಣ ನಟ್ಟು-ಬೋಲ್ಟು ಹಾಕಿ ಚೆನ್ನಾಗಿ ಕುಲುಕಿದರೆ ಸಡಿಲ ತುಕ್ಕು ಉದುರುತ್ತದೆ. ಹಾಕಿದ ಬೋಲ್ಟು ಎಣಿಸಿಟ್ಟುಕೊಳ್ಳಿ, ಅಷ್ಟೂ ವಾಪಸ್ ಬರಬೇಕು. ಉಳಿದ ತುಕ್ಕಿಗೆ ನಿಂಬೆ ಉಪ್ಪು ಸಾಕು: ಲೀಟರ್ ನೀರಿಗೆ 50ರಿಂದ 100 ಗ್ರಾಂ ಕರಗಿಸಿ ತುಂಬಿಸಿ, ಒಂದು ರಾತ್ರಿ ಬಿಟ್ಟು ನೋಡಿ. ಅಮ್ಮ ಹುಣಸೆಹಣ್ಣು ಹಾಕಿ ಹಿತ್ತಾಳೆ ದೀಪ ಬೆಳಗುತ್ತಾರಲ್ಲ, ಹೆಚ್ಚುಕಡಿಮೆ ಅದೇ ಉಪಾಯ. ಶೌಚಾಲಯ ತೊಳೆಯುವ ಆ್ಯಸಿಡ್ ಬೇಗ ಕೆಲಸ ಮಾಡುತ್ತೆ ಅಂತ ಯಾರಾದರೂ ಹೇಳಬಹುದು. ಅದು ತುಕ್ಕಿನ ಜೊತೆ ಒಳ್ಳೇ ತಗಡನ್ನೂ ತಿನ್ನುತ್ತದೆ, ಬೇಡ. ಆಮೇಲೆ ಅಡುಗೆ ಸೋಡಾ ನೀರಲ್ಲಿ ತೊಳೆದು, ಮತ್ತೆ ಬರೀ ನೀರಲ್ಲಿ ತೊಳೆಯಿರಿ.

ತೂತಿದ್ದರೆ ಮಾತ್ರ ಸ್ವಂತ ಪ್ರಯೋಗ ಬೇಡವೇ ಬೇಡ. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ. ಒಳಗೆ ಉಳಿದ ಪೆಟ್ರೋಲ್ ಆವಿಗೆ ಗಾಳಿ ಬೆರೆತರೆ ಒಂದು ಕಿಡಿ ಸಾಕು, ಬಾಂಬಿನ ಹಾಗೆ ಸಿಡಿಯುತ್ತದೆ. ತೊಳೆದಿದ್ದೇವೆ ಅನ್ನೋದೂ ಗ್ಯಾರಂಟಿ ಅಲ್ಲ. ಪೆಟ್ರೋಲ್ ಟ್ಯಾಂಕ್ ಮಾಡಿ ಅಭ್ಯಾಸವಿರುವ ವೆಲ್ಡರ್ ಹತ್ತಿರವೇ ಹೋಗಿ. ಬೆಸೆಯುವ ಜಾಗದವರೆಗೂ ನೀರು ತುಂಬಿಸಿಕೊಂಡೇ ಕೆಲಸ ಮಾಡುವವರು ಬಲ್ಲವರು.

ಇನ್ನು ಒಳಗಿನ ಕೋಟಿಂಗ್. ಎಪಾಕ್ಸಿ ಲೈನರ್ ಕಿಟ್ ಕೊಳ್ಳುವಾಗ ಎಥನಾಲ್ ತಡೆಯುತ್ತದೆ ಎಂದು ಡಬ್ಬಿಯ ಮೇಲೆ ಬರೆದಿದೆಯಾ ನೋಡಿ. ಹಳೇ ಕಾಲದ ಕೆಲವು ಲೈನರ್‌ಗಳು ಎಥನಾಲಿಗೆ ಮೆತ್ತಗಾಗಿ ಸಿಪ್ಪೆಯ ಹಾಗೆ ಏಳುತ್ತವೆ. ಆ ಸಿಪ್ಪೆ ಪೆಟ್ರೋಲ್ ಕಾಕಿಗೋ ಕಾರ್ಬ್ಯುರೇಟರ್ ಜೆಟ್ಟಿಗೋ ಸಿಕ್ಕಿಕೊಂಡರೆ ಗಾಡಿ ನಡುದಾರಿಯಲ್ಲಿ ನಿಲ್ಲುತ್ತದೆ. ಲೈನರ್ ಸುರಿಯುವ ಮೊದಲು ಕಾಕಿನ ತೂತಿಗೆ, ಥ್ರೆಡ್ಡಿಗೆ ಬಿರಡೆ ಹಾಕಿ. ಟ್ಯಾಂಕನ್ನು ಎಲ್ಲಾ ಕಡೆ ನಿಧಾನಕ್ಕೆ ಹೊರಳಿಸಿ, ಉಳಿದದ್ದನ್ನು ಪೂರ್ತಿ ಬಸಿದುಬಿಡಿ.

ಹೆಚ್ಚಿನ ಕೋಟಿಂಗ್ ಕೆಡೋದು ಲೈನರಿನಿಂದಲ್ಲ, ಒಣಗಿಸೋದರಲ್ಲಿ ಅವಸರ ಮಾಡಿದ್ದರಿಂದ. ತೊಳೆದ ಬರೀ ತಗಡಿಗೆ ನಿಮಿಷಗಳಲ್ಲಿ ಹೊಸ ತುಕ್ಕು ಹಿಡಿಯುತ್ತದೆ. ನಮ್ಮೂರ ಜುಲೈಯಲ್ಲಿ ಬಟ್ಟೆಯೇ ಒಣಗೋದಿಲ್ಲ, ಟ್ಯಾಂಕಿನ ಮೂಲೆ ಎಲ್ಲಿಂದ ಒಣಗುತ್ತೆ? ಒದ್ದೆ ತಗಡಿಗೆ ಎಂಥ ದುಬಾರಿ ಎಪಾಕ್ಸಿಯೂ ಕಚ್ಚುವುದಿಲ್ಲ. ತುಕ್ಕು ಅದರಡಿಯಲ್ಲಿ ಬೆಳೆಯುತ್ತಲೇ ಇರುತ್ತದೆ, ಕೋಟಿಂಗ್ ಇರುವುದರಿಂದ ಕಾಣುವುದೂ ಇಲ್ಲ. ಹಾಗಾಗಿ ಈ ಕೆಲಸವನ್ನು ದೀಪಾವಳಿ ಕಳೆದ ಮೇಲೆ, ಶಿವರಾತ್ರಿಯೊಳಗೆ ಇಟ್ಟುಕೊಳ್ಳಿ. ಪೆಟ್ರೋಲ್ ವಾಸನೆ ಪೂರ್ತಿ ಹೋಗಿದೆ ಅಂತ ಖಾತ್ರಿ ಮಾಡಿಕೊಂಡು ಹೇರ್ ಡ್ರೈಯರ್ ಹಿಡಿದು, ಆಮೇಲೆ ಬಿಸಿಲಿಗಿಡಿ. ಕೋಟಿಂಗ್ ಆದ ಮೇಲೆ ಡಬ್ಬಿ ಎಷ್ಟು ದಿನ ಅನ್ನುತ್ತದೋ ಅಷ್ಟೂ ದಿನ ಕಾಯಿರಿ. ವೀಕೆಂಡಿನಲ್ಲಿ ಮುಗಿಸಿ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೊರಡುವ ಕೆಲಸ ಇದಲ್ಲ.

ತುಕ್ಕು ತೆಳುವಾಗಿದ್ದು ತೂತಿಲ್ಲದಿದ್ದರೆ ಕೋಟಿಂಗೇ ಬೇಡ ಅನ್ನೋದು ನನ್ನ ಅಭಿಪ್ರಾಯ. ತುಕ್ಕು ತೆಗೆದು, ಒಣಗಿಸಿ, ಗಾಡಿ ಓಡಿಸುತ್ತಿರಿ. ಮಳೆಗಾಲಕ್ಕೆ ನಿಲ್ಲಿಸಲೇಬೇಕಾದರೆ ಪೆಟ್ರೋಲ್ ಖಾಲಿ ಮಾಡಿ, ಸ್ವಲ್ಪ 2ಟಿ ಆಯಿಲ್ ಹಾಕಿ ಒಳಗೆಲ್ಲ ತಾಗುವ ಹಾಗೆ ಹೊರಳಿಸಿ ಮುಚ್ಚಿಡಿ. ಮತ್ತೆ ಪೆಟ್ರೋಲ್ ತುಂಬಿಸಿದಾಗ ಮೊದಲ ಕೆಲವು ದಿನ ಫಿಲ್ಟರ್ ಬಿಚ್ಚಿ ನೋಡ್ತಾ ಇರಿ.