ಎಲೆಗೆ ಎಷ್ಟು?

ಮದುವೆ ಊಟದ ಮಾತುಕತೆ ಶುರುವಾಗುವುದೇ ‘ಎಲೆಗೆ ಎಷ್ಟು?’ ಎಂಬಲ್ಲಿಂದ. ಕೇಟರಿಂಗ್‌ನವರು 450 ಎನ್ನುತ್ತಾರೆ, ಹೆಣ್ಣಿನ ಕಡೆಯವರು 400ಕ್ಕೆ ಎಳೆಯುತ್ತಾರೆ, 420ಕ್ಕೆ ಕುದುರಿ ಮುಂಗಡ ಕೈಬದಲಾಗುತ್ತದೆ. ಮದುವೆ ಮುಗಿದ ಮೇಲೆ ಬರುವ ಬಿಲ್ಲನ್ನು ಉಂಡವರ ಸಂಖ್ಯೆಯಿಂದ ಭಾಗಿಸಿ ನೋಡಿದರೆ 420 ಸಿಗುವುದು ಅಪರೂಪ. ಚೌಕಾಸಿಯಲ್ಲಿ ಉಳಿಸಿದ ಮೂವತ್ತು ರೂಪಾಯಿ ತೆರಿಗೆ, ಗ್ಯಾರಂಟಿ ಎಲೆ, ಪಾತ್ರೆ ಬಾಡಿಗೆ, ಸಾಗಣೆ ಇವುಗಳ ನಡುವೆ ಎಲ್ಲೋ ಕರಗಿರುತ್ತದೆ.

ತೆರಿಗೆಯ ಲೆಕ್ಕ ಸ್ವಲ್ಪ ವಿಚಿತ್ರ. ಎಲೆಯ ಮೇಲೆ ಏನು ಬಡಿಸಿದರು ಎಂಬುದಕ್ಕಿಂತ ಎಲೆಯನ್ನು ಎಲ್ಲಿ ಹಾಕಿದರು, ಯಾರು ಹಾಕಿದರು ಎಂಬುದೇ ಇಲ್ಲಿ ಮುಖ್ಯ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದಾಗ ಹೊರಾಂಗಣ ಕೇಟರಿಂಗ್‌ಗೆ ಶೇ 18ರ ದರ ಇತ್ತು. 2019ರ ಅಕ್ಟೋಬರ್ 1ರಿಂದ ಅದು ಶೇ 5ಕ್ಕೆ ಇಳಿಯಿತು. ಬಿಲ್ಲಿನಲ್ಲಿ ಇದು ಕೇಂದ್ರಕ್ಕೆ ಶೇ 2.5, ರಾಜ್ಯಕ್ಕೆ ಶೇ 2.5 ಎಂದು ಎರಡು ಸಾಲಾಗಿ ಕಾಣಿಸುತ್ತದೆ. ಆದರೆ ದಿನಕ್ಕೆ 7,500 ರೂಪಾಯಿ ಮೀರಿದ ಬಾಡಿಗೆಯ ಕೋಣೆಗಳಿರುವ ದೊಡ್ಡ ಹೋಟೆಲುಗಳಿಗೆ ಈ ರಿಯಾಯಿತಿ ಇಲ್ಲ. ಅಲ್ಲಿ ಈಗಲೂ ಶೇ 18. 2025ರ ಏಪ್ರಿಲ್‌ನಿಂದ ಹಿಂದಿನ ಹಣಕಾಸು ವರ್ಷದಲ್ಲಿ ಕೋಣೆಗೆ ನಿಜವಾಗಿ ಪಡೆದ ಬಾಡಿಗೆಯನ್ನು ನೋಡಿ ಇದು ನಿರ್ಧಾರವಾಗುತ್ತದೆ. ತಾವಾಗಿಯೇ ಶೇ 18ರ ದರವನ್ನು ಒಪ್ಪಿಕೊಳ್ಳುವ ಅವಕಾಶವೂ ಹೋಟೆಲುಗಳಿಗಿದೆ. ತಟ್ಟೆಗೆ 1,500 ರೂಪಾಯಿಯಂತೆ 300 ಜನರ ಆರತಕ್ಷತೆ ಎಂದರೆ 4,50,000 ರೂಪಾಯಿ. ಕಲ್ಯಾಣ ಮಂಟಪದಲ್ಲಾದರೆ ಇದಕ್ಕೆ ತೆರಿಗೆ 22,500, ಅಂಥ ಹೋಟೆಲಿನಲ್ಲಾದರೆ 81,000.

ಮಂಟಪದ ಬಾಡಿಗೆಯದು ಬೇರೆಯೇ ಲೆಕ್ಕ. ಬರೀ ಮಂಟಪ ಹಿಡಿದರೆ ಬಾಡಿಗೆಯ ಮೇಲೆ ಶೇ 18. ಊಟವೂ ಮಂಟಪವೂ ಒಬ್ಬರಿಂದಲೇ ಒಂದೇ ಒಪ್ಪಂದದಲ್ಲಿ ಬಂದರೆ, ಮತ್ತು ಜಾಗ ಮೇಲೆ ಹೇಳಿದ ದೊಡ್ಡ ಹೋಟೆಲ್ ಅಲ್ಲದಿದ್ದರೆ, ಇಡೀ ಮೊತ್ತಕ್ಕೆ ಶೇ 5. ಎರಡು ಲಕ್ಷದ ಬಾಡಿಗೆಗೆ ಒಂದು ದಾರಿಯಲ್ಲಿ 36,000, ಇನ್ನೊಂದರಲ್ಲಿ 10,000. ‘ಅಡುಗೆ ನಮ್ಮವರದ್ದೇ ಆಗಬೇಕು’ ಎಂದು ಹಟ ಹಿಡಿಯುವ ಮಂಟಪದವರ ಷರತ್ತು ಹೀಗಾಗಿ ಪ್ರತಿ ಸಲವೂ ನಷ್ಟದ್ದಲ್ಲ. ಎರಡೂ ಬಗೆಯಲ್ಲಿ ಕೂಡಿ ಕಳೆದು ನೋಡಬೇಕು. ನೋಂದಾಯಿತ ಧಾರ್ಮಿಕ ಟ್ರಸ್ಟಿಗೆ ಸೇರಿದ ದೇವಸ್ಥಾನದ ಆವರಣದ ಕಲ್ಯಾಣ ಮಂಟಪಕ್ಕೆ ದಿನದ ಬಾಡಿಗೆ 10,000 ರೂಪಾಯಿಗಿಂತ ಕಡಿಮೆಯಿದ್ದರೆ ತೆರಿಗೆಯೇ ಇಲ್ಲ.

ಶೇ 5ರ ದರಕ್ಕೆ ಒಂದು ಕಟ್ಟುಪಾಡಿದೆ: ಕೇಟರಿಂಗ್‌ನವರು ತಾವು ಕೊಂಡ ಸಾಮಾನಿನ ಮೇಲೆ ಕಟ್ಟಿದ ತೆರಿಗೆಯನ್ನು ಸರ್ಕಾರದಿಂದ ಹೊಂದಾಣಿಕೆ ಮಾಡಿಕೊಳ್ಳುವಂತಿಲ್ಲ. ವಾಣಿಜ್ಯ ಬಳಕೆಯ 19 ಕೆ.ಜಿ. ಸಿಲಿಂಡರಿನ ಶೇ 18, ತುಪ್ಪ, ದ್ರಾಕ್ಷಿ ಗೋಡಂಬಿಗಳ ತೆರಿಗೆ ಎಲ್ಲವೂ ಎಲೆಯ ದರದೊಳಗೇ ಅಡಗಿ ಕೂರುತ್ತವೆ. 2025ರ ಸೆಪ್ಟೆಂಬರ್ 22ರಿಂದ ತುಪ್ಪದ ತೆರಿಗೆ ಶೇ 12ರಿಂದ 5ಕ್ಕೆ, ಐಸ್‌ಕ್ರೀಂ ಮತ್ತು ನೀರಿನ ಬಾಟಲಿಯದು ಶೇ 18ರಿಂದ 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಇದು ಎಲ್ಲೂ ಕಾಣುವುದಿಲ್ಲ. ಹಳೆಯ ದರಪಟ್ಟಿಯನ್ನೇ ಮುಂದಿಡುವವರ ಹತ್ತಿರ ಒಬ್ಬಟ್ಟಿನ ತುಪ್ಪದ ಮಾತೆತ್ತಿ ಚೌಕಾಸಿ ಮಾಡಲು ಮಾತ್ರ ಒಳ್ಳೆಯ ನೆಪ.

ತೆರಿಗೆ ಕೇಳುವ ಹಕ್ಕು ಎಲ್ಲರಿಗೂ ಇಲ್ಲ. ವಾರ್ಷಿಕ ವಹಿವಾಟು 20 ಲಕ್ಷ ದಾಟದ ಅಡುಗೆ ಭಟ್ಟರು ನೋಂದಣಿ ಮಾಡಿಸಬೇಕಿಲ್ಲ. ನೋಂದಣಿ ಇಲ್ಲದವರು ಜಿಎಸ್‌ಟಿ ಹೆಸರಿನಲ್ಲಿ ಒಂದು ರೂಪಾಯಿಯನ್ನೂ ಪಡೆಯುವಂತಿಲ್ಲ. ರಾಜಿ ತೆರಿಗೆ ಪದ್ಧತಿಯಲ್ಲಿರುವವರೂ ಅಷ್ಟೇ, ತೆರಿಗೆಯನ್ನು ತಮ್ಮ ಕೈಯಿಂದಲೇ ಕಟ್ಟಬೇಕು. ಕರ್ನಾಟಕದ ಜಿಎಸ್‌ಟಿ ಸಂಖ್ಯೆ 29ರಿಂದ ಶುರುವಾಗುವ 15 ಅಕ್ಷರ–ಅಂಕಿಗಳದ್ದು. ಜಿಎಸ್‌ಟಿ ಜಾಲತಾಣದಲ್ಲಿ ಅದನ್ನು ಹಾಕಿದರೆ ನೋಂದಣಿ ಜೀವಂತವಾಗಿದೆಯೇ, ರಾಜಿ ಪದ್ಧತಿಯದೇ ಎಂಬುದು ಒಂದು ನಿಮಿಷದಲ್ಲಿ ತಿಳಿಯುತ್ತದೆ. ‘ಬಿಲ್ ಬೇಡ ಅಂದ್ರೆ ತೆರಿಗೆ ಇಲ್ಲ’ ಎಂಬ ಮಾತೂ ಬಳಕೆಯಲ್ಲಿದೆ. ಆದರೆ ಒಂದೇ ಸಮಾರಂಭದ ಬಾಬ್ತು ಒಬ್ಬರಿಂದ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2017ರ ಏಪ್ರಿಲ್‌ನಿಂದಲೇ ನಿಷೇಧಿಸಿದೆ. ಕಂತಿನಲ್ಲಿ ಕೊಟ್ಟರೂ ಲೆಕ್ಕ ಒಟ್ಟು ಮೊತ್ತದ್ದೇ, ದಂಡ ಪಡೆದವರ ಮೇಲೆ. ಬಿಲ್ ಇಲ್ಲದವರಿಗೆ ಇನ್ನೊಂದು ಕಷ್ಟವಿದೆ. ಎರಡನೇ ಪಂಕ್ತಿಗೆ ಚಿರೋಟಿ ಮುಗಿದುಹೋಯಿತೆಂದು ಗ್ರಾಹಕರ ವೇದಿಕೆಗೆ ಹೋದರೆ ತೋರಿಸಲು ಕೈಯಲ್ಲಿ ಕಾಗದವಿರುವುದಿಲ್ಲ.

ಇನ್ನು ಎಲೆ ಲೆಕ್ಕ. ಜಗಳ ಹೆಚ್ಚಾಗಿ ಹುಟ್ಟುವುದು ಇಲ್ಲೇ. ಆರು ನೂರು ಎಲೆ ಗ್ಯಾರಂಟಿ ಎಂದು ಬರೆದುಕೊಟ್ಟರೆ ಐನೂರು ಜನ ಬಂದರೂ ಆರು ನೂರರ ಹಣ ಕೊಡಲೇಬೇಕು. ಆರು ನೂರೈವತ್ತು ಬಂದರೆ ಮೇಲಿನ ಐವತ್ತಕ್ಕೆ ದರ ಜಾಸ್ತಿ ಎಂಬ ಷರತ್ತು ಕೆಲವು ಒಪ್ಪಂದಗಳಲ್ಲಿ ಇರುತ್ತದೆ. ಪಂಕ್ತಿಯಲ್ಲಿ ಜನ ಕೂರುವ ಮೊದಲೇ ಎಲೆ ಹಾಕಿ ಉಪ್ಪು, ಕೋಸಂಬರಿ, ಪಲ್ಯ ಬಡಿಸಿರುತ್ತಾರೆ. ಕೊನೆಯ ಸಾಲಿನ ತುದಿಯಲ್ಲಿ ಯಾರೂ ಕೂರದೆ ಉಳಿದ ಎಂಟು ಎಲೆ ಯಾರ ಲೆಕ್ಕ? ತೊಡೆಯ ಮೇಲೆ ಕೂತು ಅಮ್ಮನ ಎಲೆಯಲ್ಲೇ ಹಪ್ಪಳ ಮುರಿಯುವ ಮಗು ಎಣಿಕೆಗೆ ಬಾರದು. ಅದೇ ಮಗುವಿಗೆ ಪಕ್ಕದಲ್ಲಿ ಎಲೆ ಹಾಕಿಸಿದರೆ ಪೂರ್ತಿ ದರ. ವಾಲಗದವರು, ಫೋಟೊದವರು, ಬಸ್ಸಿನ ಡ್ರೈವರು, ಬಡಿಸುವ ಹುಡುಗರ ಊಟ ಎಲ್ಲಿ ಸೇರುತ್ತದೆ ಎಂಬುದನ್ನು ಮೊದಲೇ ಕೇಳುವವರು ಕಡಿಮೆ. ಕೇಟರಿಂಗ್‌ನ ಮೇಸ್ತ್ರಿಯ ಜತೆ ಮನೆಯ ಕಡೆಯ ಒಬ್ಬರು ಪುಟ್ಟ ಪುಸ್ತಕ ಹಿಡಿದು ಪ್ರತಿ ಪಂಕ್ತಿಯನ್ನೂ ಎಣಿಸಿ, ಇಬ್ಬರೂ ರುಜು ಹಾಕುವ ಹಳೆಯ ರೂಢಿಗಿಂತ ಒಳ್ಳೆಯ ಉಪಾಯ ಇನ್ನೂ ಹುಟ್ಟಿಲ್ಲ. ಧಾರೆಯ ಗಡಿಬಿಡಿಯಲ್ಲಿ ಆ ಕೆಲಸಕ್ಕೆ ಒಪ್ಪುವ ಸೋದರಮಾವ ಸಿಗುವುದೇ ಕಷ್ಟ.

ಎಲೆಯ ದರದಲ್ಲಿ ಸೇರದ ಬಾಬ್ತುಗಳು ಎರಡು ಕಡೆಯಿಂದ ಬರುತ್ತವೆ. ಕೇಟರಿಂಗ್‌ನವರಿಂದ ಪಾತ್ರೆ ಬಾಡಿಗೆ, ಸಾಗಣೆ, ನೀರಿನ ಬಾಟಲಿ, ವರಪೂಜೆಯ ರಾತ್ರಿಯ ತಿಂಡಿ, ಹೊತ್ತು ಹೊತ್ತಿಗೆ ಕೇಳುವ ಕಾಫಿ. ಇವನ್ನು ಊಟದ ಬಿಲ್ಲಿಗೇ ಸೇರಿಸಿದಾಗ ಇವುಗಳ ಮೇಲೂ ತೆರಿಗೆ ಬೀಳುತ್ತದೆ. ಮಂಟಪದವರಿಂದ ಗ್ಯಾಸು, ಜನರೇಟರಿನ ಡೀಸೆಲ್, ಅಡುಗೆಮನೆ ತೊಳೆಸಿದ್ದು, ಕಸ ಸಾಗಿಸಿದ್ದು. ಹೊರಗಿನ ಕೇಟರಿಂಗ್‌ನವರನ್ನು ಕರೆತಂದರೆ ಅದಕ್ಕೂ ಒಂದು ಶುಲ್ಕ. ಹೋಟೆಲಿನ ಬಿಲ್ಲಿನಲ್ಲಿ ಕಾಣುವ ‘ಸರ್ವಿಸ್ ಚಾರ್ಜ್’ ಸರ್ಕಾರದ ತೆರಿಗೆಯಲ್ಲ. ಹೋಟೆಲ್, ರೆಸ್ಟೊರೆಂಟುಗಳು ಅದನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು.

420ರ ಎಲೆಯನ್ನೇ ಉದಾಹರಣೆಗೆ ಇಟ್ಟುಕೊಳ್ಳಬಹುದು. ಗ್ಯಾರಂಟಿ 600 ಎಲೆಗೆ 2,52,000 ರೂಪಾಯಿ. ಪಾತ್ರೆ ಬಾಡಿಗೆ 10,000, ಸಾಗಣೆ 8,000, ನೀರಿನ ಬಾಟಲಿ 6,000 ಸೇರಿ 2,76,000. ಶೇ 5ರ ತೆರಿಗೆ 13,800 ಕೂಡಿದರೆ 2,89,800. ಉಂಡವರು 530 ಎಂದಾದರೆ ಒಬ್ಬರ ಊಟಕ್ಕೆ ಬಿದ್ದದ್ದು ಸುಮಾರು 547. ಹೆಚ್ಚಾದ 127 ರೂಪಾಯಿಯಲ್ಲಿ ಖಾಲಿ ಎಲೆಗಳ ಪಾಲು 55, ಬಿಡಿ ಬಾಬ್ತುಗಳದ್ದು 45. ಎಲ್ಲರೂ ಬೈಯುವ ಜಿಎಸ್‌ಟಿಯದು 26.