ದೂರದವರು ಕೂಡಿ ಆಡುವ ಹಾಸು

ಆಟಗಾರರು ಕಥೆಯೊಂದರ ಪಾತ್ರಗಳನ್ನು ವಹಿಸಿಕೊಂಡು, ತಮ್ಮ ಪಾತ್ರ ಏನು ಹೇಳುತ್ತದೆ, ಏನು ಮಾಡುತ್ತದೆ ಎಂಬುದನ್ನು ಕುಳಿತಲ್ಲಿಯೇ ಮಾತಿನಿಂದ ನಿರ್ಧರಿಸುತ್ತ ಕಥೆಯನ್ನು ಮುಂದೊಯ್ಯುವ ಆಟಕ್ಕೆ ರೋಲ್‌ಪ್ಲೇಯಿಂಗ್ ಗೇಮ್ ಎಂದು ಹೆಸರು. ಉತ್ತರ ಕನ್ನಡದವರಿಗೆ ಈ ಕಲ್ಪನೆ ತೀರ ಹೊಸದಲ್ಲ. ಮುಂಡಗೋಡದ ನೆರೆಯ ಶಿರಸಿ, ಯಲ್ಲಾಪುರ ಸೀಮೆಯಲ್ಲಿ ಇಂದಿಗೂ ನಡೆಯುವ ತಾಳಮದ್ದಳೆಯಲ್ಲಿ ಅರ್ಥಧಾರಿಗಳು ವೇಷವಿಲ್ಲದೆ, ಕುಣಿತವಿಲ್ಲದೆ ಕುಳಿತು, ಭಾಗವತರು ಹಾಡಿದ ಪದ್ಯದ ಆಧಾರದ ಮೇಲೆ ಪಾತ್ರದ ಮಾತನ್ನು ಆಗಿಂದಾಗಲೇ ಕಟ್ಟುತ್ತಾರೆ. ಆದರೆ ಅಲ್ಲಿ ಪ್ರಸಂಗದ ಕೊನೆ ಮೊದಲೇ ಗೊತ್ತಿರುತ್ತದೆ: ಶೇಣಿ ಗೋಪಾಲಕೃಷ್ಣ ಭಟ್ಟರಂಥ (1918–2006) ಅರ್ಥಧಾರಿಯ ವಾಲಿಯು ವಾದದಲ್ಲಿ ರಾಮನನ್ನು ಎಷ್ಟೇ ಇಕ್ಕಟ್ಟಿಗೆ ಸಿಲುಕಿಸಿದರೂ ಕಡೆಗೆ ವಾಲಿ ಸಾಯಲೇಬೇಕು. ರೋಲ್‌ಪ್ಲೇಯಿಂಗ್ ಆಟದಲ್ಲಿ ಅಂಥ ಕಟ್ಟಿಲ್ಲ. ಭಾಗವತರ ಸ್ಥಾನದಲ್ಲಿರುವ ಗೇಮ್ ಮಾಸ್ಟರ್ ಸನ್ನಿವೇಶವನ್ನು ಮುಂದಿಡುತ್ತಾನೆ, ಆಟಗಾರ ತನ್ನ ನಡೆಯನ್ನು ಹೇಳುತ್ತಾನೆ, ಅದು ಫಲಿಸಿತೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ದಾಳ ತೀರ್ಮಾನಿಸುತ್ತದೆ.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಈ ಪ್ರಕಾರದ ಮೊದಲ ಆಟವೆಂದು ಪರಿಗಣಿತವಾಗಿದೆ. ಇಂಥ ಆಟಗಳಿಗೆ ಬೇಕಾದ ನಕ್ಷೆ, ಕಾಯಿ, ದಾಳ ಮತ್ತು ಪಾತ್ರದ ವಿವರಪಟ್ಟಿಗಳನ್ನು ಗಣಕದ ಪರದೆಯ ಮೇಲೆ ಒದಗಿಸುವ ತಂತ್ರಾಂಶವೇ ವರ್ಚುವಲ್ ಟೇಬಲ್‌ಟಾಪ್, ಅಂದರೆ ಪರದೆಯ ಮೇಲಿನ ಆಟದ ಹಾಸು. 2004ರ ಫ್ಯಾಂಟಸಿ ಗ್ರೌಂಡ್ಸ್, ಬ್ರೌಸರಿನಲ್ಲೇ ತೆರೆಯುವ 2012ರ ರೋಲ್20, ಆಟ ನಡೆಸುವವನೇ ತನ್ನ ಸರ್ವರಿನಲ್ಲಿ ಇರಿಸಿಕೊಳ್ಳಬಹುದಾದ 2020ರ ಫೌಂಡ್ರಿ ಇವುಗಳಲ್ಲಿ ಹೆಸರಾದವು. ಇಂಥದೊಂದನ್ನು ಕಟ್ಟಹೊರಟವರು ಸಾಮಾನ್ಯವಾಗಿ ಚಿತ್ರದ ಅಂದಕ್ಕೆ ಮೊದಲು ಕೈಹಾಕುತ್ತಾರೆ. ನಿಜವಾದ ಕಷ್ಟ ಬೇರೆಡೆ ಇದೆ. ಪಾಳಾದಲ್ಲೊಬ್ಬ, ದಾಂಡೇಲಿಯಲ್ಲೊಬ್ಬ, ಬೆಂಗಳೂರಿನಲ್ಲೊಬ್ಬ ಕುಳಿತು ಆಡುವಾಗ ಕಾಯಿ ಯಾವ ಮನೆಯಲ್ಲಿದೆ, ಗರ ಎಷ್ಟು ಬಿತ್ತು ಎಂಬ ವಿಷಯದಲ್ಲಿ ಮೂವರ ಪರದೆಗಳೂ ಒಂದೇ ಮಾತು ಹೇಳುವಂತೆ ಮಾಡುವುದೇ ಈ ತಂತ್ರಾಂಶದ ಮುಖ್ಯ ಕೆಲಸ.

ವೆಬ್‌ನ ಮೂಲ ಪದ್ಧತಿಯಲ್ಲಿ ಬ್ರೌಸರ್ ಕೇಳಿದರೆ ಮಾತ್ರ ಸರ್ವರ್ ಉತ್ತರಿಸುತ್ತದೆ. ಒಬ್ಬ ಕಾಯಿ ನಡೆಸಿದ ಸುದ್ದಿಯನ್ನು ಉಳಿದವರಿಗೆ ತಾನಾಗಿ ಮುಟ್ಟಿಸುವ ದಾರಿ ಅದರಲ್ಲಿಲ್ಲ. ಎರಡೂ ಕಡೆಯಿಂದ ಯಾವಾಗ ಬೇಕಾದರೂ ಸಂದೇಶ ಕಳಿಸಲು ಬರುವಂತೆ ಸಂಪರ್ಕವನ್ನು ತೆರೆದೇ ಇಡುವ ವೆಬ್‌ಸಾಕೆಟ್ ಎಂಬ ವಿಧಾನ 2011ರಲ್ಲಿ ಅಧಿಕೃತ ಮಾನದಂಡವಾದ ಮೇಲೆ ಈ ಅಡಚಣೆ ನೀಗಿತು. ಆದರೂ ಆಟಗಾರನ ಬ್ರೌಸರ್ ‘ಕಾಯಿ ಇಲ್ಲಿಗೆ ಬಂತು’ ಎಂದು ಘೋಷಿಸಬಾರದು, ‘ಇಲ್ಲಿಗೆ ನಡೆಸಬಹುದೇ’ ಎಂದು ಕೇಳಬೇಕು. ಸರ್ವರ್ ಆ ನಡೆಯನ್ನು ಪರಿಶೀಲಿಸಿ, ಕ್ರಮಸಂಖ್ಯೆ ಕೊಟ್ಟು, ಎಲ್ಲರಿಗೂ ಅದೇ ಕ್ರಮದಲ್ಲಿ ತಿಳಿಸಬೇಕು. ಜೋಯಿಡಾದ ಕಾಡಿನ ನಡುವೆ ಸಂಪರ್ಕ ಕಡಿದುಹೋದವನು ಮರಳಿ ಬಂದಾಗ ಈ ಸಂಖ್ಯೆಯೇ ಕೈಹಿಡಿಯುತ್ತದೆ: ತನಗೆ ಕೊನೆಗೆ ತಲುಪಿದ್ದು 412ನೆಯ ನಡೆ ಎಂದು ಅವನ ಬ್ರೌಸರ್ ತಿಳಿಸಿದರೆ, ಸರ್ವರ್ 413ರಿಂದ ಮುಂದಿನದನ್ನಷ್ಟೇ ಕಳಿಸಿದರೆ ಸಾಕು. ಕಾಯಿ ಎಳೆಯುವ ಪ್ರತಿ ಕ್ಷಣವನ್ನೂ ಪ್ರಸಾರ ಮಾಡುವುದು ದಂಡ. ಸೆಕೆಂಡಿಗೆ 60 ಸಲ ಕಳಿಸಿದರೆ ಐವರ ಆಟದಲ್ಲಿ ಒಬ್ಬನ ಎಳೆತಕ್ಕೆ ಉಳಿದ ನಾಲ್ವರಿಗೆ ಸೇರಿ ಸೆಕೆಂಡಿಗೆ 240 ಸಂದೇಶಗಳು ಹೋಗಬೇಕಾಗುತ್ತದೆ. ಹಾಡಿಗೆ ಮದ್ದಳೆ ಕೂಡಿಸುವವರಿಗೆ ಅರ್ಧ ಸೆಕೆಂಡಿನ ತಡವೂ ಸಲ್ಲದು, ಸರದಿಯ ಆಟಕ್ಕೆ ಅದು ಲೆಕ್ಕಕ್ಕಿಲ್ಲ; ಹೀಗಾಗಿ ಇಲ್ಲಿ ವೇಗಕ್ಕಿಂತ ಒಮ್ಮತಕ್ಕೆ ಬೆಲೆ ಹೆಚ್ಚು.

ಎಲ್ಲರಿಗೂ ಎಲ್ಲವೂ ಕಾಣಬಾರದು ಎಂಬುದು ಇನ್ನೊಂದು ತೊಡಕು. ಗುಹೆಯ ನಕ್ಷೆಯಲ್ಲಿ ಪಾತ್ರಗಳು ಇನ್ನೂ ನೋಡದ ಭಾಗವನ್ನು ಕಪ್ಪಾಗಿ ಮುಚ್ಚುವ ‘ಫಾಗ್ ಆಫ್ ವಾರ್’ ಎಂಬ ಸೌಲಭ್ಯವನ್ನು, ಇಡೀ ನಕ್ಷೆಯನ್ನು ಬ್ರೌಸರಿಗೆ ಕಳಿಸಿ ಅದರ ಮೇಲೆ ಕಪ್ಪು ಬಣ್ಣ ಬಳಿಯುವುದರಿಂದಲೂ ಸಾಧಿಸಬಹುದು. ಆದರೆ ಬ್ರೌಸರಿನಲ್ಲಿರುವ ಪರಿಶೀಲನಾ ಸಾಧನ ಬಳಸಬಲ್ಲ ಯಾವ ಆಟಗಾರನಾದರೂ ಕಪ್ಪಿನಡಿಯ ಮೂಲಚಿತ್ರವನ್ನು ತೆರೆದು ನೋಡಬಲ್ಲ. ನಕ್ಷೆಯನ್ನು ಸಣ್ಣ ತುಂಡುಗಳಾಗಿಸಿ, ಕಂಡ ಭಾಗವನ್ನು ಮಾತ್ರ ಸರ್ವರ್ ಬಿಟ್ಟುಕೊಡುವುದೇ ಸರಿಯಾದ ದಾರಿ, ಅದಕ್ಕೆ ತಗಲುವ ಶ್ರಮ ಹೆಚ್ಚಾದರೂ.

ದಾಳದ ವಿಷಯ ಇದಕ್ಕಿಂತ ನವಿರಾದುದು. ಆಟಗಾರನ ಯಂತ್ರದಲ್ಲಿ ದಾಳ ಉರುಳಿಸಿದರೆ ಮೋಸಕ್ಕೆ ಅವಕಾಶವಾಗುವುದರಿಂದ ಅದು ಸರ್ವರಿನಲ್ಲೇ ಉರುಳಬೇಕು. ಅಲ್ಲಿಯೂ ಪ್ರಾಮಾಣಿಕವಾದ ತಪ್ಪೊಂದು ಸುಲಭವಾಗಿ ನುಸುಳುತ್ತದೆ. ಒಂದು ಬೈಟ್ ಎಂದರೆ 0ಯಿಂದ 255ರವರೆಗಿನ 256 ಸಂಖ್ಯೆಗಳಲ್ಲಿ ಒಂದು. ಇಪ್ಪತ್ತು ಮುಖದ ದಾಳಕ್ಕಾಗಿ ಅದನ್ನು 20ರಿಂದ ಭಾಗಿಸಿ, ಶೇಷಕ್ಕೆ ಒಂದು ಕೂಡಿಸುವುದು ರೂಢಿ. 256ನ್ನು 20 ನಿಶ್ಶೇಷವಾಗಿ ಭಾಗಿಸುವುದಿಲ್ಲವಾದ್ದರಿಂದ 1ರಿಂದ 16ರವರೆಗಿನ ಪ್ರತಿ ಗರಕ್ಕೂ 13 ಅವಕಾಶಗಳು ದೊರೆತು, 17ರಿಂದ 20ರವರೆಗಿನವಕ್ಕೆ 12 ಮಾತ್ರ ಉಳಿಯುತ್ತವೆ, ಅಂದರೆ ಆಟಗಾರರು ಹಾರೈಸುವ ಗರಗಳೇ ಕೊಂಚ ಅಪರೂಪವಾಗುತ್ತವೆ. 240 ಅಥವಾ ಅದಕ್ಕಿಂತ ದೊಡ್ಡ ಸಂಖ್ಯೆ ಬಂದಾಗ ಅದನ್ನು ಕೈಬಿಟ್ಟು ಮತ್ತೊಂದನ್ನು ಪಡೆದರೆ ಈ ಓರೆ ಹೋಗುತ್ತದೆ.

ಇದೇ ಹಾಸಿನ ಮೇಲೆ ಚೌಕಾಬಾರ ಆಡಿಸಬಯಸುವವರು ಇದಕ್ಕೆ ತಿರುವುಮುರುವಾದ ಎಚ್ಚರ ವಹಿಸಬೇಕು. ನಾಲ್ಕು ಕವಡೆಗಳಿಂದ ಬೀಳುವ 1, 2, 3, 4, 8 ಎಂಬ ಐದು ಗರಗಳು ಸಮಾನವಲ್ಲ. ಕವಡೆ ಕವುಚುವುದೂ ಅಂಗಾತವಾಗುವುದೂ ಸರಿಸಮವೆಂದು ಹಿಡಿದರೆ, 16 ಸಾಧ್ಯತೆಗಳಲ್ಲಿ 2 ಬೀಳುವವು ಆರು, 1 ಮತ್ತು 3 ಬೀಳುವವು ನಾಲ್ಕು ನಾಲ್ಕು, 4 ಮತ್ತು 8 ಬೀಳುವವು ಒಂದೊಂದೇ. ಐದು ಮುಖದ ದಾಳದಂತೆ ಇದನ್ನು ಬರೆದುಬಿಟ್ಟರೆ ಎಂಟರ ಬೆಲೆಯೇ ಹೋಗುತ್ತದೆ. ಇಂಥ ಆಟಗಳನ್ನು ಗಂಭೀರವಾಗಿ ದಾಖಲಿಸುವ ಪದ್ಧತಿ ಕರ್ನಾಟಕಕ್ಕೆ ಹೊಸದೇನಲ್ಲ: ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯ ಭಾಗವಾದ ಕೌತುಕನಿಧಿಯ ವಸ್ತುವೇ ಆಟಗಳು.

ಕನ್ನಡದಲ್ಲಿ ಆಡಿಸುವಾಗ ಅಕ್ಷರಗಳೂ ಲೆಕ್ಕಕ್ಕೆ ಬರುತ್ತವೆ. ಆರು ಮುಖದ ಎರಡು ದಾಳ ಉರುಳಿಸಿ ಮೂರು ಕೂಡಿಸು ಎಂಬುದನ್ನು ಆಟಗಾರರು ‘2ಡಿ6+3’ ಎಂಬ ಸಂಕ್ಷೇಪದಲ್ಲಿ ಬರೆಯುತ್ತಾರೆ. ಯಾರಾದರೂ ‘೨ಡಿ೬+೩’ ಎಂದು ಬರೆದರೆ ಬ್ರೌಸರಿನ ಭಾಷೆಯಾದ ಜಾವಾಸ್ಕ್ರಿಪ್ಟ್ ಅವನ್ನು ಸಂಖ್ಯೆಗಳೆಂದೇ ಗುರುತಿಸುವುದಿಲ್ಲ, ಮೊದಲು ಪರಿವರ್ತಿಸಿಕೊಡಬೇಕು. ಕಣ್ಣಿಗೆ ಒಂದೇ ಅಕ್ಷರವಾದ ‘ಕ್ಷ’ ಯುನಿಕೋಡ್ ಎಣಿಕೆಯಲ್ಲಿ ಮೂರು ಸಂಕೇತಗಳಾದ್ದರಿಂದ, ಪಾತ್ರದ ಹೆಸರನ್ನು ಕಾಯಿಯ ಕೆಳಗೆ ಹಿಡಿಸಲೆಂದು ಸಂಕೇತ ಎಣಿಸಿ ಕತ್ತರಿಸುವ ತಂತ್ರಾಂಶ ಒತ್ತಕ್ಷರವನ್ನು ಕಳಚಿಹಾಕುತ್ತದೆ. ವೇಗಕ್ಕಾಗಿ ಅಕ್ಷರಗಳನ್ನು ಮೊದಲೇ ಬಿಡಿಬಿಡಿ ಚಿತ್ರಗಳಾಗಿಸಿ ಇಟ್ಟುಕೊಳ್ಳುವ ವಿಧಾನ ಇಂಗ್ಲಿಷಿಗೆ ಒಗ್ಗುತ್ತದೆಯೇ ಹೊರತು ಕಾಗುಣಿತ, ಒತ್ತುಗಳ ಕನ್ನಡಕ್ಕಲ್ಲ.

ನಿಯಮಗಳ ಅನುವಾದಕ್ಕೆ ಇದ್ದ ಕಾನೂನಿನ ಅಳುಕಂತೂ ಬಹುಪಾಲು ನಿವಾರಣೆಯಾಗಿದೆ. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನ ಮೂಲ ನಿಯಮಗಳ ಸಂಗ್ರಹವನ್ನು ಅದರ ಒಡೆತನದ ಸಂಸ್ಥೆ 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿರುವುದರಿಂದ, ಮೂಲವನ್ನು ಹೆಸರಿಸಿದರೆ ಯಾರು ಬೇಕಾದರೂ ಅದನ್ನು ಕನ್ನಡಕ್ಕೆ ತಂದು ತಮ್ಮ ಹಾಸಿನೊಳಗೆ ಅಳವಡಿಸಬಹುದು, ಮಾರಲೂಬಹುದು.